ಹುಸಿಬಾಗಿಲಿನ ಬೇಸಿಗೆ

ಕಳೆದ ತಿಂಗಳು ಕೆಲಸದ ಮೇಲೆ ಹ್ಯೂಸ್ಟನ್ನಿಗೆ ಹೋಗಿದ್ದವಳು ಹಿಂದಿರುಗುವಾಗ ಕಾರಣವಿಲ್ಲದೆ ಪಕ್ಕದ ಊರು ಪೇರ್ಲ್ಯಾಂಡಿನ ಕಡೆ ಕಾರು ತಿರುಗಿಸಿದೆ. ವಿಜಯಾ ಆಂಟಿ ಮತ್ತು ಅಂಕಲ್ ಅಲ್ಲಿನ ಮನೆ ಮಾರಿ ಜಾರ್ಜ್‌ಟೌನಿಗೆ ಶಿಫ್ಟ್ ಆಗಿ ಎರಡು ವರ್ಷವಾಯಿತು. ಆ ಊರಲ್ಲಿ ಈಗ ನನ್ನವರೆಂಬುವರು ಯಾರೂ ಇಲ್ಲ. ಆದರೂ ಒಂದು ಬೇಸಿಗೆಯಿಡೀ ಉಂಡು ಮಲಗಿದ ಬೀದಿ ಹೇಗಿದೆಯೆಂದು ನೋಡುವ ಚಪಲ. ತಿರುವಿನಲ್ಲಿ ಅದೇ ಓಕ್ ಮರವಿತ್ತು, ಮನೆಯ ಮುಖದಲ್ಲಿ ಅದೇ ಕೆಂಪು ಇಟ್ಟಿಗೆಯಿತ್ತು. ಮುಂಬಾಗಿಲು ಮಾತ್ರ ಹಾರುಹೊಡೆದಿತ್ತು. ಒಳಗೆ ಯಾರೋ ಮರದ ನೆಲಕ್ಕೆ ಮೇಣ ತಿಕ್ಕುತ್ತಿದ್ದಿರಬೇಕು, ಆ ಜೇನುಮೇಣದ ವಾಸನೆ ಬೀದಿಯವರೆಗೂ ಬಂದು ನನ್ನ ಕಾರಿನೊಳಗೆ ನುಗ್ಗಿತು. ನಾನು ಆ ಬಾಗಿಲು ತೆರೆದಿದ್ದನ್ನು ಅವತ್ತಿನವರೆಗೆ ಕಂಡಿರಲಿಲ್ಲ. ನಡುಬೀದಿಯಲ್ಲಿ ಕಾರು ನಿಲ್ಲಿಸಿ ನೋಡುತ್ತಾ ಕುಳಿತಿದ್ದೆ, ಹಿಂದಿನವನು ಹಾರ್ನ್ ಹೊಡೆದಾಗಲೇ ಎಚ್ಚರವಾದದ್ದು.

2014ರ ಬೇಸಿಗೆ ಅದು. ನಾನು ಧಾರವಾಡದಿಂದ ಆಸ್ಟಿನ್ನಿಗೆ ಬಂದು ಎರಡು ವರ್ಷವಾಗಿತ್ತು. ಓದುತ್ತಿದ್ದದ್ದು ಹಳೆಯ ಕಟ್ಟಡಗಳ ಸಂರಕ್ಷಣೆ. ಟೆಕ್ಸಸ್ಸಿನ ಕನ್ನಡಿಗರ ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಏನು ಓದ್ತಿದೀಯಮ್ಮಾ ಎಂದು ಕೇಳಿ, ನಾನು ಉತ್ತರ ಹೇಳಿದೊಡನೆ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಉಳಿದವರೆಲ್ಲ ಕಂಪ್ಯೂಟರ್ ಚಿಪ್ಪು, ಸಾಫ್ಟ್‌ವೇರು ಎಂದು ನಾಳೆಯನ್ನು ಕಟ್ಟುತ್ತಿರುವಾಗ ಇವಳು ಹಳೇ ಮನೆ ನೋಡಲು ಅಮೆರಿಕಕ್ಕೆ ಬಂದಿದ್ದಾಳಲ್ಲ, ಇಲ್ಲಿ ಹಳೆಯದು ಏನಿದೆ ಎಂದು ಅವರಿಗೆ ಕನಿಕರ. ಅವರ ಮಾತಲ್ಲೂ ಸತ್ಯವಿತ್ತು. ಬಾದಾಮಿ, ಐಹೊಳೆಯ ಮಗ್ಗುಲಲ್ಲಿ ಬೆಳೆದವಳಿಗೆ ನೂರು ವರ್ಷದ ಗೋದಾಮಿನ ಮುಂದೆ ನಿಂತು ಭಕ್ತಿಯಿಂದ ಟಿಪ್ಪಣಿ ಬರೆಯುವಾಗ ಒಳಗೊಳಗೇ ನಗು ಬರುತ್ತಿತ್ತು. ಮನಸ್ಸು ನಿಲ್ಲುತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ಬಯ್ಯುತ್ತಿದ್ದಳು. ಆ ವರ್ಷ ಚಕ್ರ ತಲೆಯೊಳಕ್ಕೂ ಹೊಕ್ಕಿತ್ತು.

ನಮ್ಮ ಪ್ರೊಫೆಸರ್ ಬೆತ್, ಕ್ಲಾಸಿಗೂ ಕೌಬಾಯ್ ಬೂಟು ಹಾಕಿಕೊಂಡು ಬರುತ್ತಿದ್ದ ಟೆಕ್ಸಸ್ಸಿನ ಹೆಂಗಸು, ನನ್ನ ಚಡಪಡಿಕೆ ನೋಡಲಾರದೆ ಒಂದು ಮನೆಯನ್ನು ನನ್ನ ತಲೆಗೆ ಕಟ್ಟಿದರು. ಆ ಮನೆ ಇದ್ದದ್ದು ಫ್ರಾನ್ಸಿನಲ್ಲಿ, ಬೋರ್ದೋ ಎಂಬ ಬಂದರು ಊರಿನಲ್ಲಿ. ಹದಿನೆಂಟನೇ ಶತಮಾನದ ನಡುವಿನಲ್ಲಿ ಹಡಗುಗಳ ಒಡೆಯನೊಬ್ಬ ಕಟ್ಟಿಸಿದ್ದು. ಬೀದಿಗೆ ಗಾಡಿ ಹೋಗುವಷ್ಟು ದೊಡ್ಡ ಹೆಬ್ಬಾಗಿಲು, ದಾಟಿದರೆ ಕಲ್ಲು ಹಾಸಿದ ಅಂಗಳ, ಎರಡೂ ಪಕ್ಕ ಕುದುರೆಲಾಯ ಮತ್ತು ಅಡುಗೆಮನೆ, ಎದುರಿಗೆ ಯಜಮಾನರ ವಾಸದ ಕಟ್ಟು, ಅದರ ಬೆನ್ನಿಗೆ ತೋಟ. ಬೀದಿಯವರಿಗೆ ಮನೆಯ ಒಳಗು ಕಾಣದು, ಮನೆಯವರಿಗೆ ಬೀದಿಯ ಗದ್ದಲ ಕೇಳದು. ಒಂದರೊಳಗಿಂದ ಇನ್ನೊಂದಕ್ಕೆ ಹೋಗುವ ಕೋಣೆಗಳ ಸಾಲು, ಬಾಗಿಲುಗಳೆಲ್ಲ ಒಂದೇ ಗೆರೆಯಲ್ಲಿ. ಈ ತುದಿಯಲ್ಲಿ ನಿಂತರೆ ಆ ತುದಿಯ ಕಿಟಕಿಯ ಬೆಳಕು ಕಾಣಬೇಕು. ಪ್ರತಿ ಕಿಟಕಿಯ ನೆತ್ತಿಯ ಕಲ್ಲಿನಲ್ಲಿ ಒಂದೊಂದು ಕೆತ್ತಿದ ಮುಖ. ಅವುಗಳಲ್ಲೊಂದು ಆಫ್ರಿಕದ ಮನುಷ್ಯನದು. ಯಜಮಾನನ ಹಡಗುಗಳು ಏನನ್ನು ಒಯ್ದು, ಯಾರನ್ನು ಮಾರಿ, ಯಾವ ದ್ವೀಪದಿಂದ ಸಕ್ಕರೆ ತುಂಬಿಕೊಂಡು ಬರುತ್ತಿದ್ದವು ಎಂಬುದನ್ನು ಆ ಮುಖವೇ ಹೇಳುತ್ತಿತ್ತು.

ಆಮೇಲೆ ಆ ಮನೆ ಹಲವರ ಕೈ ದಾಟಿತು. ಸ್ವಲ್ಪ ಕಾಲ ಹೆಣ್ಣುಮಕ್ಕಳ ಶಾಲೆ, ಸ್ವಲ್ಪ ಕಾಲ ಹಡಗಿನ ಕಚೇರಿ. ಸರ್ಕಾರ ಅದನ್ನು ರಕ್ಷಿತ ಕಟ್ಟಡವೆಂದು ಪಟ್ಟಿಗೆ ಸೇರಿಸುವ ಹೊತ್ತಿಗೆ ದೊಡ್ಡ ಹಾಲಿನ ಗೋಡೆಗಳು ಬೋಳಾಗಿದ್ದವು. ಗೋಡೆಗೆ ತೊಡಿಸಿದ್ದ ಓಕ್ ಮರದ ಕೆತ್ತನೆಯ ಹೊದಿಕೆಯನ್ನು ಯಾರೋ ಕಳಚಿ ಮಾರಿಬಿಟ್ಟಿದ್ದರು. ಅಮೆರಿಕದ ಹೊಸ ಶ್ರೀಮಂತರು ಫ್ರಾನ್ಸಿನ ಕೋಣೆಗಳನ್ನು ಗೋಡೆ ಸಮೇತ ಎಬ್ಬಿಸಿಕೊಂಡು ಬರುತ್ತಿದ್ದ ಕಾಲ ಅದು. ಆ ಹೊದಿಕೆ ಈಗ ಹ್ಯೂಸ್ಟನ್ನಿನ ಒಂದು ಮನೆಯಲ್ಲಿದೆ ಎಂದು ಬೆತ್‌ಗೆ ಬಹಳ ದಿನದಿಂದ ಗುಮಾನಿ. ಆ ಮನೆಯೀಗ ಮಾರಾಟವಾಗಿತ್ತು. ಕೊಂಡವನು ಆಗಸ್ಟ್ ಮುಗಿದೊಡನೆ ಬುಲ್‌ಡೋಜರ್ ತರುವವನಿದ್ದ. ಕೋಣೆ ಬೋರ್ದೋದ್ದೇ ಎಂದು ಅಷ್ಟರೊಳಗೆ ನಾನು ತೋರಿಸಿಕೊಟ್ಟರೆ ಅದು ತನ್ನ ಮನೆಗೆ ವಾಪಸು ಹೋಗುತ್ತದೆ. ಇಲ್ಲವಾದರೆ ಡಾಲಸ್‌ನ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಬಿಚ್ಚಿಕೊಂಡು ಹೋಗಿ ಚೂರುಚೂರಾಗಿ ಮಾರುತ್ತಾನೆ. ನನ್ನ ಥೀಸಿಸ್ಸೂ ಅದರ ಜೊತೆಗೇ ಹೋಗುತ್ತದೆ ಎಂದು ಬೆತ್ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಹ್ಯೂಸ್ಟನ್ನಿನಲ್ಲಿ ಎಲ್ಲಿರುವುದು ಎಂದು ತಲೆಕೆಡಿಸಿಕೊಂಡಿದ್ದಾಗ ಯುಗಾದಿ ಪಂಕ್ತಿಯಲ್ಲಿ ಪರಿಚಯವಾಗಿದ್ದ ವಿಜಯಾ ಆಂಟಿ ಫೋನ್ ಮಾಡಿ, ಪೇರ್ಲ್ಯಾಂಡಿನಲ್ಲಿ ನಮ್ಮನೆ ಇಲ್ಲವಾ ಎಂದು ಗದರಿದರು. ಅವರು ಮೈಸೂರಿನವರು. ಅಂಕಲ್ ಮೆಡಿಕಲ್ ಸೆಂಟರಿನ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ನಾನು ಮೊದಲ ದಿನ ಸೂಟ್‌ಕೇಸ್ ಹಿಡಿದು ಅವರ ಮುಂಬಾಗಿಲ ಗಂಟೆ ಒತ್ತಿ ನಿಂತೆ. ಒತ್ತಿ ಒತ್ತಿ ಬೆರಳು ನೊಂದ ಮೇಲೆ ಗ್ಯಾರೇಜಿನ ಶಟರ್ ಮೇಲೇರಿ, ಅದರ ಒಳಗಿಂದ ಆಂಟಿ ಆರತಿಯ ತಟ್ಟೆ ಹಿಡಿದು ಹೊರಗೆ ಬಂದರು. ಮನೆ ಕೊಂಡು ಮುಂಬಾಗಿಲಿನಿಂದಲೇ ಗೃಹಪ್ರವೇಶ ಮಾಡಿದ್ದರಂತೆ. ಮೂರು ತಿಂಗಳೊಳಗೆ ಅಂಕಲ್ ಬೆನ್ನು ಹಿಡಿದುಕೊಂಡಿತು, ಆಂಟಿಯ ತಾಯಿ ಜಾರಿ ಬಿದ್ದರು, ಕಾರಿಗೆ ಕಾರು ಗುದ್ದಿತು. ಮೈಸೂರಿನ ವಾಸ್ತುವಿನವರಿಗೆ ಫೋನಿನಲ್ಲಿ ಮನೆಯ ಫೋಟೊ ಕಳಿಸಿದರೆ, ನೈಋತ್ಯದ ಬಾಗಿಲು, ತಕ್ಷಣ ಮುಚ್ಚಿ ಎಂದರಂತೆ. ಮುಚ್ಚಿಯೇಬಿಟ್ಟರು. ಒಳಗಡೆ ಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ರ್‍ಯಾಕು ನಿಲ್ಲಿಸಿ ಸೋನಾಮಸೂರಿ ಮೂಟೆಗಳನ್ನು ಪೇರಿಸಿದ್ದರು. ರಂಗೋಲಿ ಗ್ಯಾರೇಜಿನ ಹೊಸ್ತಿಲಿಗೆ ಬಿತ್ತು. ಆ ಮನೆಯಲ್ಲಿ ಲಕ್ಷ್ಮಿಯೂ ಎರಡು ಕಾರುಗಳ ನಡುವೆ ನುಸುಳಿಕೊಂಡೇ ಬರಬೇಕಿತ್ತು.

“ಹೌದ್ರಿ, ಇಲ್ರಿ ಅಂತ ನೀನು ‘ರಿ’ ಹಚ್ಚಿದ್ರೆ ನಂಗೆ ದಿಢೀರ್ ಅಂತ ವಯಸ್ಸಾದ ಹಾಗಾಗತ್ತೆ ಕಣೇ ಗಿರಿಜಾ,” ಎಂದು ಆಂಟಿ ದಿನಕ್ಕೊಮ್ಮೆ ಅನ್ನುತ್ತಿದ್ದರು. ನಾನು ಬಿಡಲಿಲ್ಲ. ಅವರೂ ಬೆಳಿಗ್ಗೆ ಡಬ್ಬಿಗೆ ಬಿಸಿಬೇಳೆಬಾತು ತುಂಬುವುದನ್ನು ಬಿಡಲಿಲ್ಲ.

ಹ್ಯೂಸ್ಟನ್ನಿನ ಆ ಮನೆಯ ಒಡತಿ ಮಿಸ್ ಲೊರೇನ್. ಮದುವೆಯಾಗಿ ಗಂಡ ತೀರಿಕೊಂಡಿದ್ದರೂ ಟೆಕ್ಸಸ್ಸಿನ ರೂಢಿಯಂತೆ ಎಲ್ಲರ ಬಾಯಲ್ಲೂ ಮಿಸ್. ಎಪ್ಪತ್ತೈದು ದಾಟಿತ್ತು, ಆರಡಿಯ ಆಳು, ಬೆನ್ನು ಬಾಗಿರಲಿಲ್ಲ. ಮನೆ ಮಾರಿ ಡಾಲಸ್‌ನಲ್ಲಿ ತಂಗಿಯ ಮಗಳ ಹತ್ತಿರ ಒಂದು ಅಪಾರ್ಟ್‌ಮೆಂಟು ಗೊತ್ತುಮಾಡಿಕೊಂಡಿದ್ದರು. ಅದರ ಬಗ್ಗೆ ಅವರಿಗೆ ದುಃಖವೇನೂ ಇರಲಿಲ್ಲ, ಈ ಮನೆಯ ಏಸಿ ಬಿಲ್ಲು ನೋಡಿದ್ದೀಯಾ ಎಂದು ನನ್ನನ್ನೇ ಕೇಳಿದರು. ಅವರ ತಂದೆ ಆ ಕೋಣೆಯನ್ನು ಕೊಂಡು ತಂದು, ಅದರ ಸುತ್ತ ಮನೆ ಕಟ್ಟಿಸಿದ್ದರು. ಮನೆಯವರು ಅದನ್ನು ಕರೆಯುತ್ತಿದ್ದದ್ದು ‘ಬೋರ್ದೋ’ ಎಂದು. ಬೋರ್ದೋದಲ್ಲಿ ಚಹಾ ಇಟ್ಟಿದೆ, ಬೋರ್ದೋದಲ್ಲಿ ಕನ್ನಡಕ ಮರೆತೆ ಎನ್ನುತ್ತಿದ್ದರು. ಬಾಗಿಲು ದಾಟಿದೊಡನೆ ಜೇನುಮೇಣದ ವಾಸನೆ. ಮಾಸಿದ ಬೂದುಬಣ್ಣದ ಓಕ್, ಅದರ ಮೇಲೆ ಕೆತ್ತಿದ ದ್ರಾಕ್ಷಿ ಬಳ್ಳಿ, ಹಗ್ಗ, ಲಂಗರು. ಹೊರಗೆ ಹೆಂಚಿನ ಮೇಲಿನ ರೊಟ್ಟಿಯಂತೆ ಬೇಯುವ ಜುಲೈ. ಒಳಗೆ ಹೆಜ್ಜೆ ಇಟ್ಟರೆ ಮೈ ತಣ್ಣಗಾಗುತ್ತಿತ್ತು.

ಆ ಕೋಣೆಯ ಉದ್ದದ ಎರಡು ಗೋಡೆಗಳಲ್ಲಿ ಎದುರುಬದುರಾಗಿ ಎರಡು ಬಾಗಿಲು. ಒಂದು ಊಟದ ಮನೆಗೆ ಹೋಗುತ್ತಿತ್ತು. ಇನ್ನೊಂದರ ಹಿಂದೆ ಗೂಡಿನಂಥ ಸಣ್ಣ ಕಪಾಟುಕೋಣೆ, ಅದರ ತುಂಬ ಟವೆಲ್ಲು, ಹಾಸಿಗೆಬಟ್ಟೆ. ಹ್ಯೂಸ್ಟನ್ನಿನ ಗಾಳಿಯ ತೇವಕ್ಕೆ ಮರ ಉಬ್ಬಿ ಈ ಬಾಗಿಲು ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಮಿಸ್ ಲೊರೇನ್ ಎರಡೂ ಕೈಯಲ್ಲಿ ಮಡಿಸಿದ ಬಟ್ಟೆ ಹಿಡಿದು ಬಂದು, ಹಿಡಿಯ ಕೆಳಗಿನ ಒಂದು ಜಾಗಕ್ಕೆ ಸೊಂಟದಿಂದ ಒಂದು ಏಟು ಕೊಡುತ್ತಿದ್ದರು. ಬಾಗಿಲು ಒಳಕ್ಕೆ ತೆರೆದುಕೊಳ್ಳುತ್ತಿತ್ತು. ಐದು ವರ್ಷದವಳಿದ್ದಾಗ ಹೆಗಲಿನಿಂದ ಗುದ್ದುತ್ತಿದ್ದರಂತೆ, ಬೆಳೆದ ಹಾಗೆ ಸೊಂಟಕ್ಕೆ ಬಂತಂತೆ. ಸೊಂಟ ತಾಗುವ ಕಡೆ ಬಣ್ಣ ಸವೆದು ಅಂಗೈಯಗಲ ಮರ ಕಾಣುತ್ತಿತ್ತು. ನನಗೂ ಕಲಿಸಿದರು. ನಾನು ಕುಳ್ಳಿ, ನನ್ನ ಸೊಂಟ ಅಲ್ಲಿಗೆ ಮುಟ್ಟದೆ ತುದಿಗಾಲಲ್ಲಿ ನಿಂತು ಗುದ್ದಬೇಕಾಗುತ್ತಿತ್ತು. ಅದನ್ನು ನೋಡಿ ಅವರು ನಕ್ಕಿದ್ದೇ ನಕ್ಕಿದ್ದು.

ಮೊದಲ ವಾರಗಳಲ್ಲಿ ಕೆಲಸ ಬಹಳ ಚೆನ್ನಾಗಿ ಸಾಗಿತು. ಅಡಿ, ಇಂಚಿನಲ್ಲಿ ಅಳೆದರೆ ಯಾವ ಹಲಗೆಯೂ ಪೂರ್ಣ ಸಂಖ್ಯೆಗೆ ಬರುತ್ತಿರಲಿಲ್ಲ, ಎಲ್ಲ ಮುಕ್ಕಾಲು, ಅರೆಪಾವು. ಮೀಟರಿನಲ್ಲೂ ಅದೇ ಕಥೆ. ಫ್ರಾನ್ಸಿನಲ್ಲಿ ಮೀಟರು ಹುಟ್ಟುವ ಮೊದಲು ಅವರದೇ ಒಂದು ರಾಜನ ಅಡಿ ಇತ್ತು, ಇಂಗ್ಲಿಷಿನ ಅಡಿಗಿಂತ ಕೊಂಚ ಉದ್ದ. ಆ ಲೆಕ್ಕಕ್ಕೆ ತಂದೊಡನೆ ಹಲಗೆಗಳೆಲ್ಲ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತವು. ಬೋರ್ದೋದವರು ಕಳಿಸಿದ್ದ ಹಾಲಿನ ಅಳತೆಯ ಅಂಕಿಗಳಿಗೆ ಹೋಲಿಸಿದರೆ ಎತ್ತರ ಸರಿ, ಅಗಲ ಸರಿ. ಕನ್ನಡಿಯ ಚೌಕಟ್ಟು ಬೋರ್ದೋದ ಅಗ್ಗಿಷ್ಟಿಕೆಯ ಮೇಲೆ ಕೂಡ್ರಿಸಿದಂತೆ ಸರಿ. ಬಾಗಿಲುಗಳ ನೆತ್ತಿಯ ಎರಡು ಕೆತ್ತನೆಗಳು ಮೊದಲೇ ಡಾಲಸ್‌ನ ವ್ಯಾಪಾರಿಯ ಗೋದಾಮು ಸೇರಿದ್ದವು. ಅವನ್ನು ಅಳೆಯಲು ಐ-45 ಹೆದ್ದಾರಿ ಹಿಡಿದು ಹೋದೆ. ವ್ಯಾಪಾರಿ ಒಳ್ಳೆಯ ಮಾತುಗಾರ. ನನಗೆ ಐಸ್ ಟೀ ಕೊಟ್ಟು, ಇಡೀ ಕೋಣೆ ಕೊಳ್ಳುವವರು ಈಗ ಯಾರಿದ್ದಾರೆ, ಬ್ರಿಸ್ಕೆಟ್ ಮಾಂಸ ಮಾರಿದ ಹಾಗೆ ಹೋಳು ಮಾಡಿ ಮಾರಬೇಕು ಎಂದ. ಕನ್ನಡಿಗೆ ಗಿರಾಕಿ ಗೊತ್ತಾಗಿತ್ತು. ಹಲಗೆಗಳು ಒಂದು ಸ್ಟೇಕ್ ಹೋಟೆಲಿನ ಬಾರಿಗೆ ಹೋಗುವವಿದ್ದವು. ನಗುನಗುತ್ತಾ ಹೇಳಿದವನಿಗೆ ನಗುನಗುತ್ತಲೇ ಬೈ ಹೇಳಿ ಬಂದೆ.

ಅಳತೆಯೆಲ್ಲ ಕಳಿಸಿದ ಮೇಲೆ ಬೋರ್ದೋದ ಮನೆಯ ಉಸ್ತುವಾರಿಯ ಆರ್ಕಿಟೆಕ್ಟ್ ಹೆಂಗಸಿನಿಂದ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಮನೆ ಕಟ್ಟಿದ ಕಾಲದ ನಕ್ಷೆ ಅವರಲ್ಲಿದೆ, ಅದರಲ್ಲಿ ಕೋಣೆಗಳ ಸಾಲಿನ ಪಕ್ಕಕ್ಕಿರುವ ಹಾಲಿಗೆ ಒಂದೇ ಬಾಗಿಲು, ಎದುರಿನ ಗೋಡೆ ಗಟ್ಟಿಗೋಡೆ. ನಿಮ್ಮ ಕೋಣೆಗೆ ಎರಡು ಬಾಗಿಲಿವೆ. ರಕ್ಷಿತ ಕಟ್ಟಡದೊಳಗೆ ಅನುಮಾನದ ವಸ್ತುವನ್ನು ಕೂಡಿಸಲು ಕಾನೂನು ಬಿಡುವುದಿಲ್ಲ, ಕ್ಷಮಿಸಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಅಲ್ಲಿಯವರೆಗೆ ಗಾದೆಯಾಗಿ ಕೇಳಿದ್ದೆ ಅಷ್ಟೆ. ಬೆತ್ ಫೋನಿನಲ್ಲಿ, ಅದೇ ಊರಿನ ಬೇರೆ ಮನೆಯದಿರಬಹುದು, ಅದೇ ಬಡಗಿಯ ಕೈಯಿರಬಹುದು ಎಂದರು. ಫ್ರಾನ್ಸಿಗೇ ಹೋಗಿ ನೋಡೋಣವೆಂದರೆ ವೀಸಾ ಕೈಗೆ ಬರುವಷ್ಟರಲ್ಲಿ ಬುಲ್‌ಡೋಜರ್ ಬಂದಿರುತ್ತಿತ್ತು.

ಆಮೇಲಿನ ದಿನಗಳಲ್ಲಿ ನಾನು ಒಂದು ಕಡೆ ಕೂರಲಿಲ್ಲ. ಆಸ್ಟಿನ್ನಿಗೆ ಓಡಿ ಲೈಬ್ರರಿಯಲ್ಲಿ ಬೋರ್ದೋದ ಬೇರೆ ಮನೆಗಳ ನಕ್ಷೆ ತಿರುವಿ ಹಾಕುವುದು, ಹ್ಯೂಸ್ಟನ್ನಿಗೆ ಓಡಿ ಮತ್ತೆ ಅಳೆಯುವುದು, ಡಾಲಸ್‌ಗೆ ಓಡಿ ಆ ಕೆತ್ತನೆಗಳು ಇನ್ನೂ ಇವೆಯೇ ಎಂದು ನೋಡಿ ಬರುವುದು. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದೆಂದರೆ ಅದೇ. ಕಾರಿನ ಏಸಿ ಅರ್ಧ ದಾರಿಗೆ ಸುಸ್ತಾಗುತ್ತಿತ್ತು. ಕಿಟಕಿ ಇಳಿಸಿದರೆ ಬಿಸಿಗಾಳಿ, ಏರಿಸಿದರೆ ಉಸಿರು ಕಟ್ಟುತ್ತಿತ್ತು. ಎಲ್ಲ ಹೊಂದಿ ಒಂದೇ ಒಂದು ಬಾಗಿಲು ಹೇಗೆ ಹೊಂದುವುದಿಲ್ಲ? ಊಟದ ನಡುವೆ ಎದ್ದು ಹೋಗಿ ನಕ್ಷೆ ನೋಡುತ್ತಿದ್ದೆ. ಆಂಟಿ ಅಂಕಲ್ ಕಡೆ ನೋಡಿ, ಈ ಹುಡುಗಿಗೆ ದೃಷ್ಟಿ ತೆಗೀಬೇಕು ಎಂದು ಒಣಮೆಣಸಿನಕಾಯಿ ಹುಡುಕಿದರು. ಹೊಗೆಗೆ ಸ್ಮೋಕ್ ಅಲಾರ್ಮ್ ಕೂಗಿಕೊಂಡಿತೇ ಹೊರತು ನನ್ನ ತಳಮಳ ತಗ್ಗಲಿಲ್ಲ.

ಮಿಸ್ ಲೊರೇನ್ ಆ ದಿನಗಳಲ್ಲಿ ನನ್ನನ್ನು ಕೂರಿಸಿ ಕಥೆ ಹೇಳಿಸುತ್ತಿದ್ದರು. ಆ ಮನೆ ಕಟ್ಟಿಸಿದವನು ಯಾರು, ಏನು ಮಾಡುತ್ತಿದ್ದ? ನಾನು ಹಡಗು, ದ್ವೀಪ, ಸಕ್ಕರೆ, ಕಿಟಕಿಯ ಮೇಲಿನ ಆ ಮುಖ ಎಲ್ಲ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ, ತಮ್ಮ ತಂದೆಯದು ಎಣ್ಣೆಯ ದುಡ್ಡು, ಆದರೆ ಅಜ್ಜನದು ಊರ ಪಶ್ಚಿಮಕ್ಕಿದ್ದ ಕಬ್ಬಿನ ಗದ್ದೆ, ಅಲ್ಲಿ ದುಡಿಯಲು ಜೈಲಿನಿಂದ ಕರಿಯ ಕೈದಿಗಳನ್ನು ತರಿಸುತ್ತಿದ್ದರು, ಈ ವಿಷಯ ಊಟದ ಮೇಜಿನಲ್ಲಿ ಎತ್ತುವಂತಿರಲಿಲ್ಲ ಎಂದರು. ಹಾಗೆ ಹೇಳುವಾಗ ಗೋಡೆಯ ದ್ರಾಕ್ಷಿ ಬಳ್ಳಿಯನ್ನೇ ನೋಡುತ್ತಿದ್ದರು. ಅಂದಿನಿಂದ ನನಗೆ ಅವರು ಕೆಲಸದ ಮನೆಯ ಒಡತಿಯಾಗಿ ಉಳಿಯಲಿಲ್ಲ. ಕೋಣೆ ತನ್ನ ಜಾಗಕ್ಕೆ ಹೋಗಲಿ ಎಂಬ ಆಸೆ ಅವರಿಗೂ ಹುಟ್ಟಿತ್ತು. ಆದರೆ ಆಗಸ್ಟಿನ ಎರಡನೇ ವಾರ ದಾಟಿತ್ತು, ವ್ಯಾಪಾರಿಗೆ ಅವರು ಮಾತು ಕೊಡಲೇಬೇಕಾಗಿತ್ತು.

ಅಂಥದೊಂದು ಸಂಜೆ ನಾನು ಪೇರ್ಲ್ಯಾಂಡ್ ಮುಟ್ಟುವಾಗ ಆಕಾಶ ಹರಿದು ಬಿತ್ತು. ಗಲ್ಫಿನ ಕಡೆಯಿಂದ ಎದ್ದ ಮಳೆ, ರಸ್ತೆಯೇ ಕಾಣದು. ಬೀದಿಯಲ್ಲಿ ಕರೆಂಟು ಹೋಗಿ ಗ್ಯಾರೇಜಿನ ಶಟರ್ ಏಳಲಿಲ್ಲ. ಫೋನ್ ಸತ್ತಿತ್ತು. ತಲೆಯ ಮೇಲೆ ನಕ್ಷೆಯ ಕೊಳವೆ ಹಿಡಿದು ಓಡಿ ಹೋಗಿ ಮುಂಬಾಗಿಲು ಬಡಿದೆ. ಇದು ತೆರೆಯುವ ಬಾಗಿಲಲ್ಲ ಎಂಬುದು ಆ ಗಳಿಗೆಗೆ ಮರೆತೇ ಹೋಗಿತ್ತು. ಕೈ ಕೆಂಪಾಗುವಂತೆ ಬಡಿದೆ. ಪಕ್ಕದ ಕಿಟಕಿಯಲ್ಲಿ ಮೇಣದಬತ್ತಿ ಹಿಡಿದ ಅಂಕಲ್ ಮುಖ ಕಾಣಿಸಿತು. ಅವರು ಕೈಯಾಡಿಸಿ, ಹಿತ್ತಲ ಕಡೆಯಿಂದ ಬಾ ಎಂದು ಸನ್ನೆ ಮಾಡಿದರು. ಮಳೆಯಲ್ಲಿ ಇಡೀ ಮನೆ ಸುತ್ತಿ, ಬೇಲಿಯ ಗೇಟು ದಾಟಿ, ಅಡುಗೆಮನೆಯ ಹಿಂದಿನಿಂದ ಒಳಗೆ ಬರುವಷ್ಟರಲ್ಲಿ ನಾನು ಹೊಳೆಯಿಂದ ಎದ್ದ ಎಮ್ಮೆಯಾಗಿದ್ದೆ. ಆಂಟಿ ಟವೆಲ್ಲು ತಂದು ತಲೆ ಒರೆಸತೊಡಗಿದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. “ಇದೊಂದ್ ಸಲ ಆ ಬಾಗಲಾ ತೆಗದಿದ್ರ ಏನ್ ಆಗ್ತಿತ್ರಿ ಅಂಕಲ್?” ಎಂದುಬಿಟ್ಟೆ.

ಅಂಕಲ್‌ಗೆ ಬೇಸರವಾಗಲಿಲ್ಲ. ಮೇಣದಬತ್ತಿಯನ್ನು ರ್‍ಯಾಕಿನ ಮೇಲಿಟ್ಟು, ಅಕ್ಕಿಮೂಟೆಯ ಮೇಲೆ ಕೈಯಿಟ್ಟು, ಮಗುವಿಗೆ ಪಾಠ ಹೇಳುವಂತೆ ಹೇಳಿದರು. “ನೀನು ಅದನ್ನ ಬಾಗಿಲು ಅಂದ್ಕೊಂಡಿದೀಯ, ಅಲ್ಲೇ ತಪ್ಪಾಗಿರೋದು. ಅದು ಗೋಡೆ ಕಣಮ್ಮಾ. ತೆಗೆಸಿ ಇಟ್ಟಿಗೆ ಕಟ್ಸೋಣ ಅಂದ್ರೆ ಎಚ್‌ಓಎನವರು, ಈ ಬಡಾವಣೆಯ ಸಂಘದವರು, ಬಿಡಲ್ಲ, ಬೀದಿಯ ಮನೆಗಳಿಗೆಲ್ಲ ಮುಂಬಾಗಿಲು ಒಂದೇ ಥರ ಕಾಣ್ಬೇಕಂತೆ. ನೋಡೋರಿಗೋಸ್ಕರ ಇಟ್ಟಿದೀವಿ, ಅಷ್ಟೇ.”

ತಲೆ ಒರೆಸುತ್ತಿದ್ದ ಆಂಟಿಯ ಕೈಯನ್ನು ಹಿಡಿದು ನಿಲ್ಲಿಸಿದೆ. ಬೀದಿಯ ಸಾಲು ಕೆಡಬಾರದೆಂದು ಇಟ್ಟ ಬಾಗಿಲು. ನೋಡುವವರಿಗೋಸ್ಕರ ಇಟ್ಟ ಬಾಗಿಲು. ಫ್ರಾನ್ಸಿನ ಆ ಕಾಲದವರಿಗೆ ಎರಡು ಗೋಡೆ ಒಂದಕ್ಕೊಂದು ಕನ್ನಡಿ ಹಿಡಿದಂತಿರಬೇಕಿತ್ತು. ಒಂದು ಕಡೆ ಬಾಗಿಲಿದ್ದು ಎದುರುಗಡೆ ಇರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಆಗ ಬಡಗಿ ಬಾಗಿಲಿನಂಥದ್ದೇ ಒಂದನ್ನು ಕೆತ್ತಿ ಗಟ್ಟಿಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದ. ಹುಸಿಬಾಗಿಲು. ಗೋಡೆಯ ನಕ್ಷೆಯಲ್ಲಿ ಅದು ಬರುವುದೇ ಇಲ್ಲ, ಗೋಡೆ ಒಡೆದಿದ್ದರೆ ತಾನೆ ಬರುವುದು? ಇದನ್ನು ನಾನು ಓದಿರಲಿಲ್ಲವೇ? ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬೆತ್‌ಗಂತೂ ಅದು ಬಾಯಿಪಾಠ. ಆದರೆ ಮಿಸ್ ಲೊರೇನ್ ದಿನವೂ ನಮ್ಮ ಕಣ್ಣೆದುರು ಸೊಂಟ ಕೊಟ್ಟು ತೆರೆದು ಟವೆಲ್ಲು ಇಡುತ್ತಿದ್ದ ಬಾಗಿಲು ಅದು. ತೆರೆದುಕೊಳ್ಳುವ ಬಾಗಿಲನ್ನು ಯಾರು ಅನುಮಾನಿಸುತ್ತಾರೆ? ಹ್ಯೂಸ್ಟನ್ನಿನ ಬಡಗಿಗಳಿಗೆ ಫ್ರಾನ್ಸಿನಿಂದ ಎರಡು ಬಾಗಿಲು ಬಂದಿಳಿದಾಗ, ಬಾಗಿಲೆಂದ ಮೇಲೆ ತೆರೆಯಬೇಕಲ್ಲ ಎಂದು ಇದಕ್ಕೂ ತಿರುಗಣೆಯ ಕೀಲು ಹೊಡೆದು, ಹಿಂದೊಂದು ಕಪಾಟು ಮಾಡಿಕೊಟ್ಟಿದ್ದರು.

ಇದನ್ನು ಹೇಳುವುದು ಸುಲಭ, ತೋರಿಸುವುದು ಬೇರೆ. ಗೋಡೆಗೆ ಆನಿಸಿ ನಿಲ್ಲಿಸಿದ ಬಾಗಿಲಿನ ಬೆನ್ನಿಗೆ ಯಾವ ಬಡಗಿಯೂ ಉಜ್ಜುಗೊರಡು ಹಾಕುವುದಿಲ್ಲ. ಬೆನ್ನು ಒರಟಾಗಿಯೇ ಇರಬೇಕು. ಈ ಬಾಗಿಲಿನ ಬೆನ್ನಿಗೆ ಕಪಾಟಿನ ಒಳಗಡೆಯಿಂದ ಬಿಳಿ ಬಣ್ಣದ ಪ್ಲೈವುಡ್ ಹೊಡೆದಿತ್ತು. ಅದನ್ನು ಬಿಚ್ಚಬೇಕು. ಮರುದಿನ ಬೆಳಿಗ್ಗೆ ನಾನು ಉಸಿರು ಬಿಡದೆ ಎಲ್ಲ ಹೇಳಿ ಮುಗಿಸಿದಾಗ ಮಿಸ್ ಲೊರೇನ್ ತಮ್ಮ ಕುರ್ಚಿಯಿಂದ ಎದ್ದು ಹೋಗಿ ಆ ಬಾಗಿಲಿಗೆ ಒರಗಿ ನಿಂತರು.

“ಇದು ಬಾಗಿಲೇ ಅಲ್ಲ ಅಂತ ನೀನು ತೋರಿಸಿಬಿಟ್ಟರೆ,” ಎಂದರು, “ನಾನು ಜೀವನಪೂರ್ತಿ ತೆರೆದದ್ದು ಏನನ್ನು?”

ಒಂದು ಕ್ಷಣ ಬೇಡವೇ ಬೇಡ ಎನ್ನಿಸಿತು, ನಿಜ. ಈ ಹೆಂಗಸಿನ ಬಾಗಿಲನ್ನು ಕಿತ್ತು ಗೋಡೆ ಮಾಡಲು ನಾನು ಯಾರು? ಆದರೆ ಸ್ಟೇಕ್ ಹೋಟೆಲಿನ ಬಾರು ಕಣ್ಣಮುಂದೆ ಬಂತು. ಅವರ ಕಣ್ಣಮುಂದೂ ಬಂದಿರಬೇಕು. ಅಡುಗೆಮನೆಯ ಡ್ರಾಯರಿನಿಂದ ತಾವೇ ಸ್ಕ್ರೂಡ್ರೈವರ್ ತಂದರು. ಟವೆಲ್ಲುಗಳನ್ನೆಲ್ಲ ಇಬ್ಬರೂ ಸೇರಿ ಹೊರಗೆ ಹಾಕಿದೆವು. ತುಕ್ಕು ಹಿಡಿದ ಸ್ಕ್ರೂಗಳು ಕೀರಲು ದನಿಯಲ್ಲಿ ಕೂಗುತ್ತಾ ಬಂದವು, ಪ್ಲೈವುಡ್ ಕಳಚಿ ನಮ್ಮ ಕಾಲಮೇಲೆ ಬಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಬೆನ್ನು ಪೂರ್ತಿ ಒರಟು, ಗರಗಸದ ಗೆರೆಗಳು ಹೊಲದ ಸಾಲಿನಂತೆ. ಸಂದುಗಳಲ್ಲಿ ಬಿಳಿಯ ಗಾರೆಯ ಪುಡಿ, ಬೆರಳಿಟ್ಟರೆ ಉದುರಿತು. ಗೋಡೆಗೆ ಹಿಡಿದಿಟ್ಟಿದ್ದ ಕಬ್ಬಿಣದ ಕೊಕ್ಕೆಗಳ ಕಲೆಗಳು ನಾಲ್ಕೂ ಮೂಲೆಯಲ್ಲಿ. ಬೀಗದ ತೂತೂ ತಿರುಗಣೆಯ ಕುಳಿಯೂ ಹೊಸ ಮರದ ಬಣ್ಣಕ್ಕಿದ್ದವು, ನಿನ್ನೆ ಮೊನ್ನೆ ಕೊರೆದಂತೆ. ಎದುರಿನ ಬಾಗಿಲಿನ ಎರಡೂ ಮುಖ ನುಣ್ಣಗಿತ್ತು. ನಾನು ಕಪಾಟಿನ ನೆಲದ ಮೇಲೆ ಕೂತುಬಿಟ್ಟೆ. ಖುಷಿಯಲ್ಲಿ ತೆಗೆದ ಮೊದಲ ಫೋಟೊಗಳೆಲ್ಲ ಮಸುಕಾಗಿ ಬಂದವು. ಮಿಸ್ ಲೊರೇನ್ ಆ ಒರಟು ಮರದ ಮೇಲೆ ಅಂಗೈ ಆಡಿಸಿ, ಇವನು ಇಷ್ಟು ದಿನ ನನಗೆ ಬೆನ್ನೇ ತೋರಿಸಿರಲಿಲ್ಲ ಎಂದು ನಕ್ಕರು. ಆಮೇಲೆ ಟವೆಲ್ಲುಗಳನ್ನು ಒಂದೊಂದಾಗಿ ಮಡಿಸತೊಡಗಿದರು. ಇಡಲು ಜಾಗವಿಲ್ಲ ಎಂಬುದು ನೆನಪಾದಂತೆ ಅರ್ಧಕ್ಕೆ ನಿಲ್ಲಿಸಿದರು.

ಬೋರ್ದೋದಿಂದ ಈ ಸಲ ಬಂದ ಉತ್ತರ ಒಂದೇ ಸಾಲಿನದು: ಇದು ನಮ್ಮದೇ. ಡಾಲಸ್‌ನ ವ್ಯಾಪಾರಿ ಸ್ವಲ್ಪ ಗೊಣಗಿ, ಕಡೆಗೆ ತನ್ನಲ್ಲಿದ್ದ ಎರಡು ಕೆತ್ತನೆಗಳನ್ನೂ ಬಿಟ್ಟುಕೊಟ್ಟ. ಆಗಸ್ಟಿನ ಕೊನೆಯ ವಾರ ಪೆಟ್ಟಿಗೆ ಕಟ್ಟುವವರು ಬಂದರು. ಒಂದೊಂದೇ ಹಲಗೆ ಇಳಿದು, ಹಿಂದಿನಿಂದ ಹ್ಯೂಸ್ಟನ್ನಿನ ಸಾದಾ ಗೋಡೆ ಕಾಣತೊಡಗಿತು. ಜೇನುಮೇಣದ ವಾಸನೆ ಹೋಗಿ ಸುಣ್ಣದ ವಾಸನೆ ಬಂತು. ಹುಸಿಬಾಗಿಲನ್ನು ಕೊನೆಗೆ ಇಳಿಸಿದರು. ಅದರ ಬುಡಕ್ಕೆ ದಪ್ಪ ಕಂಬಳಿ ಸುತ್ತುವಾಗ ಮಿಸ್ ಲೊರೇನ್ ನನ್ನ ಭುಜ ಹಿಡಿದರು. “ಅಲ್ಲಿಗೆ ಯಾವತ್ತಾದರೂ ಹೋದರೆ ಅದಕ್ಕೊಂದು ಸಲ ಸೊಂಟ ಕೊಟ್ಟು ನೋಡು. ಅಭ್ಯಾಸ ತಪ್ಪಿರುತ್ತೆ ಅದಕ್ಕೆ.” ಆಯಿತು ಎಂದೆ. ಡಾಲಸ್‌ಗೆ ಹೋದ ಎರಡನೇ ವರ್ಷ ಅವರು ತೀರಿಕೊಂಡರು. ತಂಗಿಯ ಮಗಳು ಫೋನ್ ಮಾಡಿ ತಿಳಿಸಿದಳು.

ನಾನು ಬೋರ್ದೋಗೆ ಹೋದದ್ದು ಕಳೆದ ವರ್ಷ. ಕಾಣದೆಯೇ ಒಂದು ಬೇಸಿಗೆ ಬಾಳಿದ್ದ ಮನೆಯ ಹೆಬ್ಬಾಗಿಲು ದಾಟಿದೆ. ಅಂಗಳ ನಾನು ಅಂದುಕೊಂಡಿದ್ದಕ್ಕಿಂತ ಸಣ್ಣದು. ಕಿಟಕಿಯ ಮೇಲಿನ ಆ ಮುಖ ಎಲ್ಲಿದೆಯೆಂದು ಯಾರನ್ನೂ ಕೇಳದೆ ಹೋಗಿ ನೋಡಿದೆ. ಹಾಲಿನೊಳಗೆ ಕಾಲಿ‌ಟ್ಟೊಡನೆ ಅದೇ ವಾಸನೆ. ದ್ರಾಕ್ಷಿ ಬಳ್ಳಿ, ಹಗ್ಗ, ಲಂಗರು, ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಗೈಡ್ ಹುಡುಗಿ ನಾಲ್ಕೈದು ಜನರ ನಮ್ಮ ಗುಂಪನ್ನು ಹುಸಿಬಾಗಿಲಿನ ಮುಂದೆ ನಿಲ್ಲಿಸಿ, ಇದು ಶೋಭೆಗಾಗಿ ಮಾತ್ರ, ಹಿಂದೆ ಕಲ್ಲಿನ ಗೋಡೆ, ಇದು ಯಾವತ್ತೂ ತೆರೆದಿಲ್ಲ ಎಂದಳು. ಆಮೇಲೆ ಹಿಡಿಯ ಕೆಳಗೆ ಬಣ್ಣ ಸವೆದ ಜಾಗವನ್ನು ತೋರಿಸಿದಳು. ಹಳೆಯ ಸವೆತವೆಂದು ರಿಪೇರಿಯವರು ಅದನ್ನು ಮುಟ್ಟದೆ ಬಿಟ್ಟಿದ್ದರು. ಇನ್ನೂರೈವತ್ತು ವರ್ಷದ ಹಿಂದೆ ತಟ್ಟೆ ಹಿಡಿದು ಓಡಾಡುವ ಆಳುಗಳ ಮೈ ತಾಗಿ ಹೀಗಾಗಿರಬೇಕು ಎಂದಳು.

“ಅಲ್ಲ,” ಎಂದೆ. “ಅದು ಒಬ್ಬರೇ ಹೆಂಗಸು. ಹ್ಯೂಸ್ಟನ್ನಿನವರು. ಬಾಗಿಲು ತೆರೆಯುತ್ತಿತ್ತು.”

ಹುಡುಗಿ ಮರ್ಯಾದೆಗೆ ನಕ್ಕು, ಗುಂಪನ್ನು ಬಂದ ಬಾಗಿಲಿನಿಂದಲೇ ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ನಾನು ಹಿಂದೆ ಉಳಿದೆ. ತುದಿಗಾಲಲ್ಲಿ ನಿಂತು, ಆ ಸವೆದ ಜಾಗಕ್ಕೆ ಸರಿಯಾಗಿ ಸೊಂಟದಿಂದ ಒಂದು ಏಟು ಕೊಟ್ಟೆ. ಕಲ್ಲಿಗೆ ಗುದ್ದಿದಂತಾಗಿ ಮೂಳೆ ಝುಮ್ಮೆಂದಿತು. ಇದನ್ನು ಗೋಡೆಯೆಂದು ತೋರಿಸಿಕೊಟ್ಟವಳೇ ನಾನು, ಹಿಂದೆ ಏನಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಅಲ್ಲಿಂದ ಕದಲಲಿಲ್ಲ. ಪಕ್ಕದ ಕೋಣೆಯಿಂದ ಗೈಡ್ ಹುಡುಗಿ ಮೇಡಂ, ಮೇಡಂ ಎಂದು ಕರೆಯುತ್ತಿದ್ದಳು. ಬಂದೆ ಎಂದು ಕೂಗಿ, ಇನ್ನೊಂದು ಸಲ ಕೊಟ್ಟೆ, ಈ ಸಲ ಜೋರಾಗಿ.